ಬುಷ್ ಬೋಲ್ಟನ್ನು ಗಾಡಿ ಇಳಿಸಿದ ಮೇಲೆ ಬಿಗಿ ಮಾಡಿ

ಎರಡು ವರ್ಷದಲ್ಲಿ ಮೂರು ಸಲ ನಮ್ಮ ಗಾಡಿಯ ಅದೇ ಬುಷ್ ಹೋಯಿತು. ಬುಷ್ ಅಂದರೆ ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ರಬ್ಬರಿನ ಭಾಗ. ಮುಂದಿನ ಎಡಗಡೆ ಲೋಯರ್ ಆರ್ಮಿನ (ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ತೋಳು) ಬುಷ್, ಅದರ ಜೊತೆಗೇ ಸ್ಟ್ರಟ್ಟಿನ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಕೆಳಗಿನ ಕಣ್ಣಿನಲ್ಲಿ, ಅಂದರೆ ಬೋಲ್ಟ್ ಹಾಯುವ ತೂತಿನಲ್ಲಿ, ಕೂರುವ ಬುಷ್. ಮೂರನೇ ಸಲ ಆ 'ಟಕ್' ಸದ್ದು ಬಂದಿದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ, ನಮ್ಮ ತೋಟದ ಗೇಟಿನ ಹತ್ತಿರ, ಬ್ರೇಕ್ ಒತ್ತಿದ ಕೂಡಲೇ. ಜೋರು ಸದ್ದೇನಲ್ಲ. ಮಳೆ ಹೊಡೆಯುತ್ತಿರುವಾಗ ಪಕ್ಕದಲ್ಲಿ ಕೂತವರಿಗೆ ಕೇಳಿಸುವುದೂ ಇಲ್ಲ. ಆದರೆ ಒಂದು ಸಲ ಅದರ ಪರಿಚಯ ಆದವರಿಗೆ ಕಾಲಿನಲ್ಲೇ ಗೊತ್ತಾಗಿಬಿಡುತ್ತದೆ, ಪೆಡಲಿನ ಕೆಳಗಿನ ತಗಡಿಗೆ ಯಾರೋ ಬೆರಳಿನ ಗೆಣ್ಣಿನಿಂದ ಬಡಿದ ಹಾಗೆ. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಸಿಟ್ಟಿಗಿಂತ ಬೇಜಾರು ಜಾಸ್ತಿ ಆಗಿತ್ತು.

ಇದಾಗಿ ನಾಲ್ಕು ವರ್ಷ ಹತ್ತಿರ ಬಂತು. ಆ ಸಲ ಹಾಕಿದ ಬುಷ್ ಈಗ 31,000 ಕಿ.ಮೀ. ಓಡಿದೆ. ಅದೇ ದಾರಿ, ಅದೇ ಲೋಡು, ಅದೇ ಅಂಗಡಿಯಲ್ಲಿ ತಂದ ಅದೇ ಪಾರ್ಟ್ ನಂಬರ್. ಕೂರಿಸಿದ ರೀತಿ ಮಾತ್ರ ಬೇರೆ. ಅದನ್ನು ಬರೆದಿಡಬೇಕು ಅಂತ ತುಂಬ ದಿನದಿಂದ ಅಂದುಕೊಳ್ಳುತ್ತಿದ್ದೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಜನ ವರ್ಷಕ್ಕೊಂದು ಸಲ ಬುಷ್ ಬದಲಿಸಿ, 'ಕೊಡಗಿನ ರೋಡಲ್ವಾ, ಇಷ್ಟೇ' ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ.

ನಮ್ಮ ತೋಟ ಇರುವುದು ಮಾದಾಪುರದ ಕಡೆ. ಟಾರ್ ರಸ್ತೆ ಬಿಟ್ಟ ಮೇಲೆ ಎರಡೂವರೆ ಕಿ.ಮೀ. ಒಳಗೆ. ಮೊದಲು ಕಲ್ಲು ಹಾಸಿದ ಏರು, ಆಮೇಲೆ ಒಂದು ತೋಡು (ಸಣ್ಣ ಹಳ್ಳ), ತೋಡು ದಾಟಿದರೆ ಟ್ರ್ಯಾಕ್ಟರ್ ಓಡಿ ಓಡಿ ಎರಡು ಚರಂಡಿಯ ಹಾಗೆ ಆಗಿರುವ ಕೆಂಪು ಮಣ್ಣಿನ ದಾರಿ. ಎಡಗಡೆ ಚರಂಡಿ ಜಾಸ್ತಿ ಆಳ. ನಮ್ಮದರಲ್ಲಿ ಯಾವಾಗಲೂ ಎಡಗಡೆ ಬುಷ್ಷೇ ಮೊದಲು ಹೋಗುತ್ತಿದ್ದದ್ದು ಅದಕ್ಕೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಮೂಟೆ, ಮಳೆಗೆ ಮುಂಚೆ ಗೊಬ್ಬರ, ಮಧ್ಯೆ ಮಧ್ಯೆ ಸಿಮೆಂಟು, ಪೈಪು, ಅಕ್ಕಿ, ಗ್ಯಾಸ್ ಸಿಲಿಂಡರ್, ಎಲ್ಲವೂ ಇದೇ ಗಾಡಿಯಲ್ಲಿ.

ಮಳೆಯ ವಿಷಯ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ (ಇಂಚಿನ ನೂರರಲ್ಲಿ ಒಂದು ಭಾಗ) ಲೆಕ್ಕ ಹಾಕುವುದು. 'ನಿನ್ನೆ ನಿಮ್ಮಲ್ಲಿ ಎಷ್ಟಾಯ್ತು?' ಅಂತ ಫೋನಿನಲ್ಲಿ ಕೇಳಿದರೆ 'ಮೂರು ಇಂಚು ನಲವತ್ತು ಸೆಂಟು' ಅಂತ ಉತ್ತರ ಬರುತ್ತದೆ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 100 ಇಂಚು ದಾಟುವುದು ಹೊಸದೇನಲ್ಲ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜೂನ್‌ನಲ್ಲಿ ಆರ್ಮಿನ ಸಂದಿಗೆ ಹೋಗಿ ಕೂತ ಕೆಸರು ಸೆಪ್ಟೆಂಬರ್‌ವರೆಗೂ ಒಣಗುವುದಿಲ್ಲ, ನಾವೇ ತೆಗೆಯದಿದ್ದರೆ.

ಈಗ ಬುಷ್ ಅಂದರೆ ಏನು ಅಂತ ಸರಿಯಾಗಿ ನೋಡೋಣ. ಇಲ್ಲಿ ಗೊತ್ತಾಗದಿದ್ದರೆ ಮುಂದಿನದು ಯಾವುದೂ ಗೊತ್ತಾಗುವುದಿಲ್ಲ. ಒಳಗೆ ಒಂದು ಕಬ್ಬಿಣದ ಕೊಳವೆ, ಹೊರಗೆ ಒಂದು ಕೊಳವೆ, ಎರಡರ ನಡುವೆ ರಬ್ಬರ್. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಸೈಲೆಂಟ್ ಬುಷ್ ಅಂತಲೂ ಕರೆಯುತ್ತಾರೆ. ತುಂಬ ಜನ ಅಂದುಕೊಂಡಿರುವುದು ಏನೆಂದರೆ, ಬಾಗಿಲಿನ ಕೀಲಿನ ಹಾಗೆ ಒಳಗಿನ ಕೊಳವೆ ರಬ್ಬರಿನೊಳಗೆ ತಿರುಗುತ್ತದೆ ಅಂತ. ತಿರುಗುವುದಿಲ್ಲ. ರಬ್ಬರನ್ನು ಎರಡೂ ಕೊಳವೆಗೆ ಬಿಸಿಯಲ್ಲಿ ಅಂಟಿಸಿರುತ್ತಾರೆ. ಒಳಗಿನ ಕೊಳವೆಯನ್ನು ಬೋಲ್ಟ್ ಚಾಸಿಗೆ ಬಿಗಿಯಾಗಿ ಹಿಡಿದಿರುತ್ತದೆ, ಹೊರಗಿನದು ಆರ್ಮಿನ ಜೊತೆ ಓಡಾಡುತ್ತದೆ. ಚಕ್ರ ಮೇಲೆ ಹೋದಾಗ, ಕೆಳಗೆ ಬಂದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಅಷ್ಟೇ ಅದರ ಕೆಲಸ. ಹವಾಯಿ ಚಪ್ಪಲಿಯ ಒಂದು ತುಂಡನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ ನೋಡಿ. ಬಿಟ್ಟರೆ ಮೊದಲಿನ ಹಾಗಾಗುತ್ತದೆ. ಅದೇ ತುಂಡನ್ನು ತಿರುಚಿ, ಹಾಗೇ ಕಟ್ಟಿ, ತಿಂಗಳುಗಟ್ಟಲೆ ಇಟ್ಟು, ಅದರ ಮೇಲೆ ಮತ್ತೆ ಮತ್ತೆ ಇನ್ನೂ ತಿರುಚುತ್ತಾ ಹೋದರೆ?

ನನ್ನ ಗಾಡಿಗೆ ಆಗಿದ್ದು ಇದೇ.

ಗಾಡಿಯ ಕಂಪನಿ ಹೆಸರು ಬರೆಯುವುದಿಲ್ಲ, ಗ್ಯಾರೇಜಿನ ಹೆಸರೂ ಬೇಡ. ಫೋರ್ ವೀಲ್ ಡ್ರೈವ್, ಮುಂದೆ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್ ಹೊತ್ತ ಸ್ಟ್ರಟ್, ಹಿಂದೆ ರಿಜಿಡ್ ಆಕ್ಸಲ್, ಅಂದರೆ ಎರಡು ಚಕ್ರವನ್ನೂ ಸೇರಿಸುವ ಒಂದೇ ಗಟ್ಟಿ ಅಚ್ಚು. ಫ್ಯಾಕ್ಟರಿಯಿಂದ ಬಂದ ಬುಷ್ 38,000 ಕಿ.ಮೀ. ಬಂತು. ಬದಲಿಸಿದ್ದು 9,000ಕ್ಕೆ ಹೋಯಿತು. ಮತ್ತೆ ಬದಲಿಸಿದ್ದು 7,500ಕ್ಕೆ. ಎರಡನೇ ಸಲ ಹೋದಾಗ ಗ್ಯಾರೇಜಿನಲ್ಲಿ 'ನಿಮ್ಮ ರೋಡು ಸರಿ ಇಲ್ಲ ಸಾರ್' ಅಂದರು. ಮೂರನೇ ಸಲ 'ಮಾಲು ಡೂಪ್ಲಿಕೇಟ್ ಇರಬೇಕು' ಅಂದರು. ಎರಡನ್ನೂ ನಂಬಿದ್ದೆ. ಮಾಲು ಕಂಪನಿಯದೇ ಅಂತ ಬಿಲ್ಲು, ಬಾಕ್ಸು ಎಲ್ಲ ನೋಡಿ ತಂದಿದ್ದರೂ ನಂಬಿದ್ದೆ.

ಉತ್ತರ ಸಿಕ್ಕಿದ್ದು ನಮ್ಮ ತೋಟದ ರೈಟರ್ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು) ಅವರ ಭಾವನಿಂದ. ಅವರು ಮಾಂದಲಪಟ್ಟಿಗೆ ಜೀಪು ಓಡಿಸುತ್ತಾರೆ. ಪ್ರವಾಸಿಗಳನ್ನು ಕೂರಿಸಿಕೊಂಡು ಸೀಸನ್ನಿನಲ್ಲಿ ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯುತ್ತಾರೆ. ಆ ಕಲ್ಲಿನ ದಾರಿ ಹತ್ತಿದವರಿಗೆ ಗೊತ್ತು, ಸೊಂಟ ಏನಾಗುತ್ತದೆ ಅಂತ. ಗಾಡಿಗೂ ಅಷ್ಟೇ. ಬುಷ್ಷಿನ ವಿಷಯದಲ್ಲಿ ಆ ಜೀಪು ಓಡಿಸುವವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ರೈಟರ್ ಮನೆಯಲ್ಲಿ ಏನೋ ಪೂಜೆ ಇತ್ತು, ಊಟ ಆದ ಮೇಲೆ ಜಗಲಿಯಲ್ಲಿ ಕೂತು ನನ್ನ ಕತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ.

'ಕಂಪನಿಯಿಂದ ಬಂದದ್ದು ಎಷ್ಟು ಓಡ್ತು ಅಣ್ಣಾ?'

'ಮೂವತ್ತೆಂಟು ಸಾವಿರ.'

'ಇದೇ ರೋಡಲ್ಲಿ ಅಲ್ವಾ? ಹಾಗಾದ್ರೆ ರೋಡಿನ ತಪ್ಪಲ್ಲ ಅದು. ಹೊಸದು ಹಾಕಿದಾಗ ಬೋಲ್ಟ್ ಯಾವಾಗ ಬಿಗಿ ಮಾಡಿದ್ರು? ಲಿಫ್ಟಲ್ಲಿ ಚಕ್ರ ನೇತಾಡ್ತಾ ಇರುವಾಗಲಾ, ಗಾಡಿ ಕೆಳಗೆ ಇಳಿಸಿದ ಮೇಲಾ?'

ನಾನು ಎರಡು ಸಲವೂ ಅಲ್ಲೇ ನಿಂತು ನೋಡಿದ್ದೆ. ಎರಡು ಸಲವೂ ಲಿಫ್ಟಿನಲ್ಲಿ, ಚಕ್ರ ಬಿಚ್ಚಿಟ್ಟು, ಆರ್ಮ್ ಕೆಳಗೆ ಜೋತು ಬಿದ್ದಿರುವಾಗಲೇ ಏರ್ ಗನ್ ಹಿಡಿದು ಬಿಗಿ ಮಾಡಿದ್ದರು. ಅದೇ ಸುಲಭ. ಕೈ ಆಡುತ್ತದೆ, ಬೆಳಕು ಬೀಳುತ್ತದೆ, ಬೇಗ ಮುಗಿಯುತ್ತದೆ. ಗ್ಯಾರೇಜಿನವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ದಿನಕ್ಕೆ ಎಂಟು ಗಾಡಿ ಮುಗಿಸಬೇಕಾದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಯಾಕೆ ತಪ್ಪು ಅಂತ ಲೆಕ್ಕದಲ್ಲಿ ನೋಡಿ. ಸುಮ್ನೆ ಅರ್ಥ ಆಗಲಿ ಅಂತ ಇಟ್ಟುಕೊಳ್ಳೋಣ, ಚಕ್ರ ನೇತಾಡುವಾಗ ಆರ್ಮ್ ಇರುವ ಜಾಗಕ್ಕೂ ಗಾಡಿ ನೆಲದ ಮೇಲೆ ನಿಂತಾಗ ಇರುವ ಜಾಗಕ್ಕೂ 15 ಡಿಗ್ರಿ ವ್ಯತ್ಯಾಸ. ನೇತಾಡುವಾಗ ಬಿಗಿ ಮಾಡಿದರೆ ರಬ್ಬರಿಗೆ ಅದೇ ತನ್ನ ಜಾಗ. ಗಾಡಿ ಇಳಿಸಿದ ಕೂಡಲೇ 15 ಡಿಗ್ರಿ ತಿರುಚಿಕೊಳ್ಳುತ್ತದೆ. ಶೆಡ್ಡಿನಲ್ಲಿ ರಾತ್ರಿ ಸುಮ್ನೆ ನಿಂತಿದ್ದಾಗಲೂ ತಿರುಚಿಕೊಂಡೇ ಇರುತ್ತದೆ. ಬೆಳಿಗ್ಗೆ ಚರಂಡಿಗೆ ಇಳಿದು ಚಕ್ರ ಇನ್ನೂ 15 ಡಿಗ್ರಿ ಮೇಲೆ ಹೋದರೆ ಒಟ್ಟು 30. ನೆಲದ ಮೇಲೆ ನಿಂತಿರುವಾಗ ಬಿಗಿ ಮಾಡಿದ್ದರೆ ಮೇಲಕ್ಕೆ 15, ಕೆಳಕ್ಕೆ 15, ಎರಡು ಕಡೆಗೂ ಹಂಚಿಹೋಗುತ್ತಿತ್ತು. ಮೂಟೆ ಹೇರಿದರೆ ಇನ್ನೂ ಕಷ್ಟ, ಯಾಕೆಂದರೆ ಲೋಡು ಗಾಡಿಯನ್ನು ಕೂರಿಸುವುದೂ ಅದೇ ದಿಕ್ಕಿಗೆ.

ಮನೆಗೆ ಬಂದವನು ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಬುಷ್ ಹುಡುಕಿ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡಿದೆ. ಎರಡರಲ್ಲೂ ರಬ್ಬರ್ ಒಂದೇ ಕಡೆ, ಒಂದೇ ದಿಕ್ಕಿಗೆ ಹರಿದಿತ್ತು, ಒಳಗಿನ ಕೊಳವೆಯ ಪಕ್ಕದಲ್ಲಿ ಅರ್ಧ ಚಂದ್ರದ ಆಕಾರಕ್ಕೆ. ಉಳಿದ ರಬ್ಬರ್ ಹೊಸದರ ಹಾಗೇ ಇತ್ತು. ಉಗುರಿನಿಂದ ಒತ್ತಿದರೆ ಒಳ್ಳೆ ಪುಟಿಯುತ್ತಿತ್ತು. ಡೂಪ್ಲಿಕೇಟ್ ಮಾಲು ಆಗಿದ್ದರೆ ಎಲ್ಲ ಕಡೆ ಪುಡಿಯಾಗಬೇಕಿತ್ತು ಅಲ್ವಾ? ಫ್ಯಾಕ್ಟರಿಯ 38,000 ಓಡಿದ ಬುಷ್ ಕೂಡ ಇತ್ತು. ಅದು ಸುತ್ತಲೂ ಸಮವಾಗಿ ಬಿರುಕು ಬಿಟ್ಟು, ವಯಸ್ಸಾಗಿ ಹೋಗಿತ್ತು. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ತುಂಬ ಹೊತ್ತು ನೋಡಿದೆ.

ನಾಲ್ಕನೇ ಸೆಟ್ಟು ಹೀಗೆ ಹಾಕಿದೆವು. ರೈಟರ್ ಭಾವನೂ ಬಂದಿದ್ದರು. ಗಾಡಿ ಎತ್ತುವುದಕ್ಕೆ ಮುಂಚೆ, ಸಮ ನೆಲದಲ್ಲಿ ನಿಲ್ಲಿಸಿ, ಹಬ್ಬಿನ ನಡುಮಧ್ಯದಿಂದ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದೆವು. ಎರಡೂ ಕಡೆ. ಗೋಡೆಯ ಮೇಲೆ ಬರೆದೆವು. ಆಮೇಲೆ ಆರ್ಮ್ ಬಿಚ್ಚಿ, ಕುಶಾಲನಗರಕ್ಕೆ ತೆಗೆದುಕೊಂಡು ಹೋಗಿ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಳೆಯದನ್ನು ತೆಗೆಸಿ ಹೊಸದು ಕೂರಿಸಿಕೊಂಡು ಬಂದೆ. ಸುತ್ತಿಗೆಯಲ್ಲಿ ಬಡಿದು ಕೂರಿಸಲೇಬಾರದು. ಪ್ರೆಸ್ಸಿನಲ್ಲೂ ಹೊರಗಿನ ಕೊಳವೆಯ ಅಂಚಿಗೆ ಮಾತ್ರ ಒತ್ತಬೇಕು. ಒಳಗಿನದಕ್ಕೆ ಒತ್ತಿದರೆ ಅಂಟು ಅಲ್ಲೇ ಬಿಟ್ಟುಕೊಳ್ಳುತ್ತದೆ, ಹೊಸ ಬುಷ್ ಹಾಕುವ ಮೊದಲೇ ಅರ್ಧ ಸತ್ತ ಹಾಗೆ. ಜಾರಲಿ ಅಂತ ಗ್ರೀಸು, ಎಣ್ಣೆ ಹಚ್ಚುತ್ತಾರೆ, ಅದೂ ಬೇಡ. ಪಾತ್ರೆ ತೊಳೆಯುವ ಸೋಪಿನ ನೀರು ಸಾಕು, ಒಣಗಿದ ಮೇಲೆ ಏನೂ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಕೆಲವು ಬುಷ್ಷಿನ ರಬ್ಬರಿನಲ್ಲಿ ಬೇಕಂತಲೇ ಖಾಲಿ ಜಾಗ ಬಿಟ್ಟಿರುತ್ತಾರೆ, ಗೋಡಂಬಿಯ ಆಕಾರದ ಎರಡು ತೂತು. ಅದು ಯಾವ ದಿಕ್ಕಿಗೆ ಇರುತ್ತದೋ ಆ ದಿಕ್ಕಿಗೆ ಬುಷ್ ಮೆತ್ತಗೆ, ಅಡ್ಡ ದಿಕ್ಕಿಗೆ ಗಟ್ಟಿ. ತಿರುಗಿಸಿ ಕೂರಿಸಿದರೆ ಎಲ್ಲ ಉಲ್ಟಾ. ಹಳೆಯದನ್ನು ತೆಗೆಯುವ ಮೊದಲೇ ಆರ್ಮಿನ ಮೇಲೆ ಗುರುತು ಹಾಕಿಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಆರ್ಮ್ ವಾಪಸ್ ಹಾಕುವಾಗ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಸಡಿಲವಾಗಿಯೇ ಬಿಟ್ಟೆವು. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಜಾಕಿಯನ್ನು ಆರ್ಮಿನ ತುದಿಗೆ ಇಟ್ಟು, ಗೋಡೆಯ ಮೇಲೆ ಬರೆದ ಅಳತೆ ಬರುವವರೆಗೆ ನಿಧಾನಕ್ಕೆ ಎತ್ತಿದೆವು. ಅಳತೆ ಸರಿ ಬಂದಾಗ ಆರ್ಮು ಗಾಡಿ ನೆಲದ ಮೇಲೆ ನಿಂತಾಗ ಇರುವ ಜಾಗದಲ್ಲೇ ಇರುತ್ತದೆ. ಆಗ ಬೋಲ್ಟ್ ಬಿಗಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು. ಸ್ಟ್ರಟ್ಟಿನ ಕೆಳಗಿನ ಕಣ್ಣಿನ ಬೋಲ್ಟಿಗೂ ಇದೇ ನಿಯಮ, ಅದೂ ಅಂಟಿಸಿದ ರಬ್ಬರೇ. ಗ್ಯಾರೇಜಿನಲ್ಲಿ ಪಿಟ್ ಇದ್ದರೆ ಇನ್ನೂ ಸುಲಭ. ಚಕ್ರ ಹಾಕಿ, ಗಾಡಿ ಇಳಿಸಿ, ನಾಲ್ಕು ಸಲ ಒತ್ತಿ ಕುಲುಕಿಸಿ, ಕೆಳಗಿನಿಂದ ಬಿಗಿ ಮಾಡಿದರೆ ಆಯಿತು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ನಾನು ಈಗ ಯಾವ ಗ್ಯಾರೇಜಿಗೆ ಹೋದರೂ ಮೊದಲೇ ಹೇಳಿಬಿಡುತ್ತೇನೆ, 'ಅಣ್ಣಾ, ಕೊನೆ ಬಿಗಿ ಗಾಡಿ ಇಳಿಸಿದ ಮೇಲೆ ಮಾಡಿ' ಅಂತ. ಯಾರೂ ಇಲ್ಲ ಅಂದಿಲ್ಲ.

ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದನ್ನು ತಪ್ಪಿಸಿದರೆ ಬುಷ್ಷಿಗೆ ಉಳಿಸಿದ ದುಡ್ಡು ಟೈರಿಗೆ ಹೋಗುತ್ತದೆ.

ಇನ್ನು ಎಣ್ಣೆಯ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ನಮ್ಮ ಕಡೆ ಮೇ ತಿಂಗಳ ಕೊನೆಗೆ ಗಾಡಿಯ ಅಡಿಗೆ ಹಳೆಯ ಎಂಜಿನ್ ಆಯಿಲ್ ಹೊಡೆಸುವ ಅಭ್ಯಾಸ ಇದೆ. ಕೆಲವರು ಡೀಸೆಲ್ ಬೆರೆಸಿ ಹೊಡೆಸುತ್ತಾರೆ. ತುಕ್ಕು ಹಿಡಿಯದಿರಲಿ ಅಂತ. ತಗಡಿಗೆ ಅದರಿಂದ ಉಪಯೋಗ ಇರಬಹುದು, ಆದರೆ ಬುಷ್ಷಿನ ನೈಸರ್ಗಿಕ ರಬ್ಬರಿಗೆ ಅದು ವಿಷ. ನೈಸರ್ಗಿಕ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಹೀರಿಕೊಂಡು ಊದುತ್ತದೆ, ಮೆತ್ತಗಾಗುತ್ತದೆ, ಹರಿಯುವುದು ಸುಲಭ ಆಗುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ಎರಡು ದಿನ ಡೀಸೆಲ್‌ನಲ್ಲಿ ನೆನೆಹಾಕಿ ತೆಗೆದು ಎಳೆದು ನೋಡಿ. ಹೊಡೆಸಲೇಬೇಕು ಅಂದರೆ ಬುಷ್ಷುಗಳಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿಸಿ. ನಾನಂತೂ ಅದನ್ನು ಪೂರ್ತಿ ನಿಲ್ಲಿಸಿ, ಮೇಣದ ಥರದ ಅಂಡರ್‌ಬಾಡಿ ಕೋಟಿಂಗ್ ಮಾಡಿಸುತ್ತಿದ್ದೇನೆ. ಹೊಡೆಸಿದ ಹಳೆ ಎಣ್ಣೆ ಮೊದಲ ಮಳೆಗೇ ತೊಳೆದು ತೋಡಿಗೆ ಹೋಗುತ್ತದೆ, ಅದೇ ತೋಡಿನ ನೀರು ಕೆಳಗಿನ ಗದ್ದೆಗೆ ಹೋಗುತ್ತದೆ. ಅದೂ ಒಂದು ಕಾರಣ.

ಹಾಗಾದರೆ ಪಾಲಿಯುರೇಥೇನ್ (ಪಿಯು, ರಬ್ಬರಿಗಿಂತ ಗಟ್ಟಿಯಾದ ಒಂದು ಥರದ ಪ್ಲಾಸ್ಟಿಕ್) ಬುಷ್ ಹಾಕಿದರೆ ಆಯಿತಲ್ಲ ಅಂತ ಕೇಳುತ್ತಾರೆ. ಬೆಂಗಳೂರಿನ ಗೆಳೆಯರು ಕೆಂಪು, ನೀಲಿ ಬಣ್ಣದ ಪಿಯು ಬುಷ್ ಹಾಕಿಸಿಕೊಂಡು ಬರುತ್ತಾರೆ. ಪಿಯುಗೆ ಎಣ್ಣೆ ಭಯ ಇಲ್ಲ, ನಿಜ. ಟಾರ್ ರಸ್ತೆಯಲ್ಲಿ ಸ್ಟೇರಿಂಗ್ ಚುರುಕಾಗುತ್ತದೆ, ಅದೂ ನಿಜ. ಆದರೆ ಅದು ರಬ್ಬರಿನ ಹಾಗೆ ಕೊಳವೆಗೆ ಅಂಟಿಕೊಂಡಿರುವುದಿಲ್ಲ. ಒಳಗಿನ ಕೊಳವೆ ಅದರೊಳಗೆ ನಿಜವಾಗಿಯೂ ತಿರುಗುತ್ತದೆ. ಹಾಗಾಗಿ ನೇತಾಡುವಾಗ ಬಿಗಿ ಮಾಡಿದರೂ ಅದಕ್ಕೆ ತೊಂದರೆ ಇಲ್ಲ, ಆದರೆ ತಿರುಗುವ ಜಾಗಕ್ಕೆ ಗ್ರೀಸು ಬೇಕು, ಗ್ರೀಸು ಇರುವ ಕಡೆ ನಮ್ಮ ಕೆಂಪು ಮಣ್ಣು ಬರುತ್ತದೆ. ಮಣ್ಣಿನಲ್ಲಿರುವ ಸಣ್ಣ ಮರಳು ಉಪ್ಪುಕಾಗದದ ಹಾಗೆ ಕೊಳವೆಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಗ್ರೀಸು ತೊಳೆದುಹೋದರೆ ಕಿರ್ರೋ ಅಂತ ಸದ್ದು. ಇನ್ನೊಂದು, ಗಡಸುತನ. ಸಸ್ಪೆನ್ಷನ್ ರಬ್ಬರ್ ಸಾಮಾನ್ಯವಾಗಿ ಶೋರ್ ಎ ಅಳತೆಯಲ್ಲಿ 50ರಿಂದ 70ರ ಒಳಗೆ ಇರುತ್ತದೆ, ಪಿಯು 80ರಿಂದ 95. ಕಲ್ಲಿನ ಏಟನ್ನು ಅದು ನುಂಗಿಕೊಳ್ಳುವುದು ಕಡಿಮೆ, ಮುಂದಕ್ಕೆ ದಾಟಿಸುವುದು ಜಾಸ್ತಿ. ಆ ಏಟು ಬ್ರ್ಯಾಕೆಟ್ಟಿಗೆ, ಚಾಸಿಯ ವೆಲ್ಡಿಂಗಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ತೊಳೆದು ಸಿಲಿಕೋನ್ ಗ್ರೀಸು ಹಾಕುವಷ್ಟು ಸಮಯ, ಆಸಕ್ತಿ ಇರುವವರು ಹಾಕಿಕೊಳ್ಳಲಿ. ದಿನಾ ತೋಟಕ್ಕೆ ಓಡಾಡುವ ಗಾಡಿಗೆ ನಾನು ರಬ್ಬರನ್ನೇ ಹೇಳುತ್ತೇನೆ. ನೈಸರ್ಗಿಕ ರಬ್ಬರಿಗೆ ಒಂದು ಅಪರೂಪದ ಗುಣ ಇದೆ. ಜೋರಾಗಿ ಎಳೆದಾಗ ಅದರೊಳಗಿನ ಎಳೆಗಳು ಸಾಲಾಗಿ ಜೋಡಿಸಿಕೊಂಡು ಆ ಜಾಗ ಇನ್ನಷ್ಟು ಗಟ್ಟಿ ಆಗುತ್ತದೆ, ಬಿರುಕು ಮುಂದೆ ಹರಡುವುದು ನಿಧಾನ ಆಗುತ್ತದೆ. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವಾಗ ರಸ್ತೆ ಪಕ್ಕದ ರಬ್ಬರ್ ಮರಗಳಲ್ಲಿ ಚಿಪ್ಪು ಕಟ್ಟಿರುವುದನ್ನು ನೋಡಿದಾಗ ಈಗ ನನಗೆ ಇದೇ ನೆನಪಾಗುತ್ತದೆ.

ದೊಡ್ಡಪ್ಪನ ಹಳೆ ಜೀಪಿನ ಕಾಲ ಬೇರೆ. ವಿಲ್ಲಿಸ್ ಮಾದರಿಯ ಆ ಜೀಪುಗಳಲ್ಲಿ ಲೀಫ್ ಸ್ಪ್ರಿಂಗಿನ ಶ್ಯಾಕಲ್‌ಗೆ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ರಬ್ಬರೇ ಇರಲಿಲ್ಲ. ತಿರುಪಿನ ಹಾಗೆ ಮರೆ ಇರುವ ಕಬ್ಬಿಣದ ಬುಷ್, ಗ್ರೀಸು ತುಂಬಲು ನಿಪ್ಪಲ್. ಶನಿವಾರ ಸಂಜೆ ದೊಡ್ಡಪ್ಪ ಗ್ರೀಸ್ ಗನ್ ಹಿಡಿದು ಜೀಪಿನ ಕೆಳಗೆ ನುಸುಳಿದರೆ, ಹಳೆಯ ಕಪ್ಪು ಗ್ರೀಸು ಕೆಸರಿನ ಜೊತೆ ಹೊರಗೆ ಬಂದು ಹೊಸದು ಕಾಣುವವರೆಗೂ ಏಳುತ್ತಿರಲಿಲ್ಲ. ನಾನು ಟಾರ್ಚ್ ಹಿಡಿಯುತ್ತಿದ್ದೆ. ಆಮೇಲೆ ಇಬ್ಬರೂ ಕಾಲಿಗೆ ಹತ್ತಿದ ಜಿಗಣೆ ಬಿಡಿಸಿಕೊಳ್ಳುತ್ತಿದ್ದೆವು. ಗ್ರೀಸು ತಪ್ಪದೇ ಹೋದರೆ ಆ ಬುಷ್ ವರ್ಷಗಟ್ಟಲೆ ಬರುತ್ತಿತ್ತು. ಈಗಿನ ರಬ್ಬರ್ ಬುಷ್ಷಿಗೆ ಗ್ರೀಸು ಬೇಡ ಅಂತ ನಾವು ಕೆಳಗೆ ಬಗ್ಗಿ ನೋಡುವುದನ್ನೇ ಬಿಟ್ಟುಬಿಟ್ಟೆವು.

1985ರಲ್ಲಿ ಬಂದ ಜಿಪ್ಸಿ ನಮ್ಮ ತೋಟಗಳಲ್ಲಿ ಇನ್ನೂ ಓಡುತ್ತಿದೆ. ಅದರಲ್ಲಿ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಸ್ಪ್ರಿಂಗಿನ ಕಣ್ಣಿಗೂ ಶ್ಯಾಕಲ್ಲಿಗೂ ರಬ್ಬರ್ ಬುಷ್. 2023ರಲ್ಲಿ ಇಲ್ಲಿ ಬಂದ ಜಿಮ್ನಿಯಲ್ಲಿ ಕಾಯಿಲ್ ಸ್ಪ್ರಿಂಗ್ ಮೇಲೆ ರಿಜಿಡ್ ಆಕ್ಸಲ್, ಅದನ್ನು ಹಿಡಿದಿರುವ ಉದ್ದ ಆರ್ಮುಗಳಲ್ಲೂ ಅಡ್ಡ ರಾಡಿನಲ್ಲೂ ಬುಷ್. ಇಂಥ ರಿಜಿಡ್ ಆಕ್ಸಲ್ ಗಾಡಿಯಲ್ಲಿ ಅಡ್ಡ ರಾಡಿನ ಬುಷ್ ಸಡಿಲ ಆದರೆ ಸ್ಪೀಡಿನಲ್ಲಿ ಒಂದು ಸಣ್ಣ ಗುಂಡಿಗೆ ಬಿದ್ದರೂ ಸ್ಟೇರಿಂಗ್ ಎರಡು ಕಡೆ ಜೋರಾಗಿ ನಡುಗಲು ಶುರು ಆಗಬಹುದು. ಹೆದರಿ ಜೋರಾಗಿ ತಿರುಗಿಸಬೇಡಿ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಲರೇಟರ್ ಬಿಟ್ಟು, ನಿಧಾನಕ್ಕೆ ವೇಗ ಇಳಿಸಿ. ಕಾರಿನ ಥರದ ಎಸ್‌ಯುವಿಗಳಲ್ಲಿ ಮುಂದೆ ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲಿನ ಆರ್ಮ್ ಇಲ್ಲದ ಜೋಡಣೆ) ಇರುತ್ತದೆ. ಅದರಲ್ಲಿ ಮೊದಲು ನೋಡಬೇಕಾದ್ದು ಬಾನೆಟ್ ಕೆಳಗೆ ಇರುವ ಸ್ಟ್ರಟ್ ಮೌಂಟ್. ಗಾಡಿ ನಿಂತಿರುವಾಗ ಸ್ಟೇರಿಂಗ್ ತಿರುಗಿಸಿದರೆ ಸ್ಪ್ರಿಂಗ್ 'ಟಂಗ್' ಅಂತ ಹಾರಿದ ಸದ್ದು ಬಂದರೆ ಅಲ್ಲಿನ ರಬ್ಬರ್ ಅಥವಾ ಬೇರಿಂಗ್ ಹೋಗಿರುವ ಸಾಧ್ಯತೆ ಜಾಸ್ತಿ.

ಎತ್ತರ ಮಾಡಿಸುವವರಿಗೆ ಒಂದು ಮಾತು. ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದ ಕೂಡಲೇ ಆರ್ಮ್ ನಿಲ್ಲುವ ಜಾಗವೇ ಬದಲಾಗುತ್ತದೆ. ಹಳೆ ಬೋಲ್ಟುಗಳನ್ನು ಮುಟ್ಟದೇ ಬಿಟ್ಟರೆ ಎಲ್ಲ ಬುಷ್ಷೂ ಅವತ್ತಿನಿಂದ ತಿರುಚಿಕೊಂಡೇ ಇರುತ್ತದೆ. ಲಿಫ್ಟ್ ಹಾಕಿದ ದಿನವೇ ಆರ್ಮಿನ ಪ್ರತಿಯೊಂದು ಬೋಲ್ಟನ್ನೂ ಸಡಿಲ ಮಾಡಿ, ಹೊಸ ಎತ್ತರದಲ್ಲಿ ನಿಲ್ಲಿಸಿ, ಮತ್ತೆ ಬಿಗಿ ಮಾಡಿಸಬೇಕು. ದೊಡ್ಡ ಟೈರು ಹಾಕಿಸಿದರೂ ಬುಷ್ಷಿಗೆ ಹೊರೆ ಜಾಸ್ತಿ. ಕಲ್ಲಿನ ದಾರಿಯಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿ ನಿಧಾನಕ್ಕೆ ಹೋದರೆ ಅರ್ಧ ಏಟು ಟೈರೇ ತಿನ್ನುತ್ತದೆ. ಟಾರ್ ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಲು ಒಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ.

ಒಂದು ಬುಷ್ಷಿಗೆ ಇಷ್ಟೊಂದು ಬರೆಯಬೇಕಾ ಅಂತ ಅನ್ನಿಸಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಎಷ್ಟೋ ಮನೆಗಳಿಗೆ ದಾರಿಯೇ ಇರಲಿಲ್ಲ. ಇದ್ದ ಚೂರುಪಾರು ದಾರಿಯಲ್ಲಿ ವಯಸ್ಸಾದವರನ್ನು, ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದು ಇಂಥ ಜೀಪುಗಳೇ. ಆ ದಿನಗಳನ್ನು ನೋಡಿದ ಮೇಲೆ ಮಳೆಗಾಲಕ್ಕೆ ಮುಂಚೆ ಗಾಡಿ ಸರಿ ಇರಬೇಕು ಅನ್ನುವುದು ನನಗೆ ಬರೀ ಹವ್ಯಾಸದ ವಿಷಯ ಆಗಿ ಉಳಿದಿಲ್ಲ. ರಾತ್ರಿ ಹನ್ನೆರಡಕ್ಕೆ ಯಾರಿಗಾದರೂ ಎದೆನೋವು ಬಂದರೆ ಮಡಿಕೇರಿ ಆಸ್ಪತ್ರೆಗೆ ಹೋಗಬೇಕಾದ್ದು ಇದೇ ಗಾಡಿಯಲ್ಲಿ.

ಹಾಗಾಗಿ ವರ್ಷಕ್ಕೆ ಎರಡು ಸಲ ನೋಡುತ್ತೇನೆ, ಮೇ ತಿಂಗಳಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ. ಮೊದಲು ಆರ್ಮಿನ ಸಂದಿಯ ಕೆಸರನ್ನೆಲ್ಲ ಪೈಪಿನ ನೀರಿನಲ್ಲಿ ತೊಳೆಯುವುದು. ಕೆಸರು ಹಿಡಿದಿಟ್ಟ ನೀರಿನಿಂದ ಕೊಳವೆಯ ಅಂಚಿಗೆ ತುಕ್ಕು ಬಂದರೆ, ಆ ತುಕ್ಕು ರಬ್ಬರಿನ ಅಂಟಿನ ಕೆಳಗೆ ನುಸುಳಿ ನಿಧಾನಕ್ಕೆ ಬಿಡಿಸುತ್ತದೆ. ಒಣಗಿದ ಮೇಲೆ ಟಾರ್ಚ್ ಬಿಟ್ಟು ನೋಡುವುದು. ರಬ್ಬರಿನ ಮೇಲೆ ಕೂದಲೆಳೆಯಷ್ಟು ಬಿರುಕು ಇದ್ದರೆ ಗಾಬರಿ ಬೇಡ. ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡು ಸಂದಿ ಕಂಡರೆ, ಅಥವಾ ಬೋಲ್ಟ್ ನಡುವಿನಲ್ಲಿ ಇರದೆ ಒಂದು ಕಡೆಗೆ ವಾಲಿದ್ದರೆ ಬದಲಿಸುವ ಕಾಲ ಬಂತು. ಆಮೇಲೆ ಹಾರೆ. ಆರ್ಮಿಗೂ ಚಾಸಿಗೂ ನಡುವೆ ಹಾರೆಯ ತುದಿ ಕೊಟ್ಟು ಮೆಲ್ಲಗೆ ಮೀಟಿ. ಸ್ವಲ್ಪ ಅಲುಗಿ ವಾಪಸ್ ಬಂದರೆ ಸರಿ, ಟಕ್ ಅಂತ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಸರಿ ಇಲ್ಲ. ಕೊನೆಗೆ ಮುಂದಿನ ಟೈರಿನ ಒಳಗಿನ ಅಂಚನ್ನು ಕೈಯಲ್ಲಿ ಸವರಿ ನೋಡಿ, ಕಣ್ಣಿಗೆ ಕಾಣದ ಸವೆತ ಬೆರಳಿಗೆ ಸಿಗುತ್ತದೆ.

ಮೇ ತಿಂಗಳಲ್ಲೇ ಬೋಲ್ಟ್ ಒಂದು ಸಲ ಹೊರಗೆ ತೆಗೆದು, ತುಕ್ಕು ಉಜ್ಜಿ, ನಯವಾದ ಭಾಗಕ್ಕೆ ಮಾತ್ರ ತೆಳ್ಳಗೆ ಕಾಪರ್ ಗ್ರೀಸು ಸವರಿ ಹಾಕುತ್ತೇನೆ, ಮರೆಗೂ ರಬ್ಬರಿಗೂ ತಾಗದ ಹಾಗೆ. ಇದನ್ನು ಮಾಡದಿದ್ದರೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟು ಒಳಗಿನ ಕೊಳವೆಗೆ ಕಚ್ಚಿಕೊಂಡು, ಕಟ್ಟರ್‌ನಲ್ಲಿ ಕೊಯ್ದು ತೆಗೆಯಬೇಕಾ‍ಗುತ್ತದೆ. ವಾಪಸ್ ಹಾಕುವಾಗ ಮತ್ತೆ ಅದೇ ಟೇಪು, ಅದೇ ಅಳತೆ.

ಹೋದ ಭಾನುವಾರ ನೋಡಿದಾಗ ಲೋಯರ್ ಆರ್ಮಿನ ಬುಷ್ ನಾಲ್ಕೂ ಚೆನ್ನಾಗಿದೆ. ಬಲಗಡೆ ಸ್ಟ್ರಟ್ಟಿನ ಕಣ್ಣಿನ ಬುಷ್ಷಿನಲ್ಲಿ ಮಾತ್ರ ಒಂದು ಕಡೆ ರಬ್ಬರ್ ಬಿಡಲು ಶುರು ಆಗಿದೆ. ಹೊಸದು ತಂದು ಇಟ್ಟಿದ್ದೇನೆ. ಕಾಫಿ ಕೊಯ್ಲು ಶುರು ಆಗುವ ಮೊದಲು ಹಾಕಬೇಕು. ಗ್ಯಾರೇಜಿನ ಆ ಹುಡುಗನನ್ನೇ ಮನೆಗೆ ಬರಲು ಹೇಳಿದ್ದೇನೆ, ಅವನಿಗೂ ನೋಡಬೇಕಂತೆ. ಗೋಡೆಯ ಮೇಲಿನ ಅಳತೆ ಇನ್ನೂ ಹಾಗೇ ಇದೆ, ಸುಣ್ಣ ಬಳಿಯುವವರಿಗೆ ಆ ಜಾಗ ಬಿಡಲು ಹೇಳಿದ್ದೆ.